ಆಟಿಯಲ್ಲೂ ಕಟ್ಟಬೇಕಾದ ಚಂದಾ

ಫೋಟೋ ತಿದ್ದುವ ತಂತ್ರಾಂಶಗಳ ಚಂದಾ ಪದ್ಧತಿಯನ್ನು ಛಾಯಾಗ್ರಾಹಕರು ಆಕ್ಷೇಪಿಸಿದಾಗಲೆಲ್ಲ, ಲಕ್ಷ ರೂಪಾಯಿಯ ಕ್ಯಾಮೆರಾ ಕೊಂಡವರಿಗೆ ತಿಂಗಳ ಈ ಸಣ್ಣ ಮೊತ್ತ ಭಾರವೇ ಎಂಬ ಪ್ರಶ್ನೆ ಬರುತ್ತದೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆಯಂಥ ಊರುಗಳಲ್ಲಿ ಸ್ಟುಡಿಯೊ ನಡೆಸುವ ನಮ್ಮಂಥವರ ಉತ್ತರವನ್ನೂ ಕೇಳಬೇಕು.

ನಮ್ಮ ದುಡಿಮೆಗೆ ಋತುವಿದೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ, ಮೇ ಕೊನೆಗೆ ಆ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಮದುವೆ, ಉಪನಯನ, ಬ್ರಹ್ಮಕಲಶ, ಕೋಲ ಎಂದು ಬಿಡುವಿರುವುದಿಲ್ಲ. ಮಳೆ ಹಿಡಿದ ಮೇಲೆ, ಅದರಲ್ಲೂ ಶುಭಕಾರ್ಯಗಳೇ ನಡೆಯದ ತುಳುವರ ಆಟಿ ತಿಂಗಳಲ್ಲಿ, ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್ ಬಿಟ್ಟರೆ ಹೇಳಿಕೊಳ್ಳುವಂಥ ವರಮಾನವಿಲ್ಲ. ತಂತ್ರಾಂಶವನ್ನು ಒಮ್ಮೆಗೇ ಕೊಳ್ಳುವಂತಿದ್ದಾಗ, ಕೈಯಲ್ಲಿ ಹಣವಿದ್ದ ವರ್ಷ ಕೊಂಡು, ಇಲ್ಲದ ವರ್ಷ ಹಳೆಯ ಆವೃತ್ತಿಯಲ್ಲೇ ಸುಧಾರಿಸಿಕೊಳ್ಳಬಹುದಿತ್ತು. 2013ರ ಮೇ ತಿಂಗಳಲ್ಲಿ, ಫೋಟೋಶಾಪ್‌ನ ಸಿಎಸ್6 ನಂತರದ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಅದನ್ನು ತಯಾರಿಸುವ ಅಡೋಬಿ ಕಂಪನಿ ಸಾರಿತು. ಫೋಟೋಗಳನ್ನು ಜೋಡಿಸಿಟ್ಟು ತಿದ್ದಲು ಅದೇ ಕಂಪನಿ ತಂದ ಲೈಟ್‌ರೂಮ್‌ಗೆ ಒಮ್ಮೆಗೇ ಕೊಳ್ಳುವ ಆ ಸ್ವಾತಂತ್ರ್ಯ ಇನ್ನೂ ಕೆಲವು ವರ್ಷ ಉಳಿದಿತ್ತು. 2015ರಲ್ಲಿ ಬಂದ ಆರನೆಯ ಆವೃತ್ತಿಯೇ ಹಾಗೆ ಕೊಳ್ಳಬಹುದಾದ ಕೊನೆಯದೆಂದು 2017ರಲ್ಲಿ ತಿಳಿಯಿತು.

ತಿಂಗಳ ಕಂತೆಂದು ನಾವು ಭಾವಿಸುವ ಯೋಜನೆಗಳಲ್ಲಿ ಹಲವು ವಾಸ್ತವವಾಗಿ ವರ್ಷದ ಒಪ್ಪಂದಗಳು. ಮಳೆಗಾಲಕ್ಕೆ ನಿಲ್ಲಿಸೋಣವೆಂದರೆ ರದ್ದತಿ ಶುಲ್ಕ ತೆರಬೇಕು. ಈ ಶುಲ್ಕವನ್ನು ಗ್ರಾಹಕರಿಗೆ ಸರಿಯಾಗಿ ಕಾಣದಂತೆ ಇರಿಸಲಾಗಿದೆಯೆಂದು ಆರೋಪಿಸಿ ಅಮೆರಿಕದ ಸರ್ಕಾರವೇ 2024ರ ಜೂನ್‌ನಲ್ಲಿ ಅಡೋಬಿ ಮೇಲೆ ಮೊಕದ್ದಮೆ ಹೂಡಿತ್ತು.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಹಳೆಯ ಕೆಲಸದ ಗತಿ. ಹಿರಿಯರು ತೀರಿಕೊಂಡ ಮನೆಯವರು ಉತ್ತರಕ್ರಿಯೆಗೆ ಇಡುವ ಪಟಕ್ಕಾಗಿ ಸ್ಟುಡಿಯೊಕ್ಕೆ ಬರುತ್ತಾರೆ. "ಪುಳ್ಳಿಯ ಮದುವೆಗೆ ನೀವೇ ತೆಗೆದದ್ದಲ್ಲವೋ, ಅದರಲ್ಲಿ ಅಜ್ಜನ ಮುಖ ಮಾತ್ರ ದೊಡ್ಡದು ಮಾಡಿ ಕೊಡಿ" ಎನ್ನುತ್ತಾರೆ. ಮುಂಡಾಸಿನ ನೆರಳು ಬಿದ್ದ ಮುಖವನ್ನಷ್ಟೇ ಬೆಳಗಿಸಬೇಕು, ಹೆಗಲ ಮೇಲಿರುವ ಬೇರೆಯವರ ಕೈಯನ್ನು ಅಳಿಸಬೇಕು. ಚಂದಾ ನಿಂತಿದ್ದರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಫೋಟೋ ಕಾಣುತ್ತದೆ, ಹಿಂದೆ ತಿದ್ದಿದ ರೂಪದಲ್ಲಿ ಹೊರತೆಗೆಯಲೂ ಬರುತ್ತದೆ. ಆದರೆ ಇಂಥ ತಿದ್ದುಪಡಿಗೆ ಬೇಕಾದ ಡೆವಲಪ್ ವಿಭಾಗ ತೆರೆಯುವುದಿಲ್ಲ. ವರ್ಷಗಟ್ಟಲೆ ಹಣ ಕಟ್ಟಿ ಮಾಡಿದ ಕೆಲಸವನ್ನು ಮತ್ತೆ ಮುಟ್ಟಲು ಮತ್ತೆ ಹಣ ಕಟ್ಟಬೇಕೆಂಬುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಚಂದಾದಿಂದ ಲಾಭವಿಲ್ಲವೆಂದು ನಾನು ಹೇಳಲಾರೆ. 2023ರಲ್ಲಿ ಲೈಟ್‌ರೂಮ್‌ಗೆ ಬಂದ ಡಿನಾಯ್ಸ್ ಸೌಲಭ್ಯ ರಾತ್ರಿಯ ಯಕ್ಷಗಾನದ ಆಟದ ಫೋಟೋಗಳಿಗೆ ದೊಡ್ಡ ಉಪಕಾರವನ್ನೇ ಮಾಡಿದೆ. ಮಂದ ಬೆಳಕಿಗೆಂದು ಹೆಚ್ಚಿನ ಐಎಸ್ಒದಲ್ಲಿ ತೆಗೆದಾಗ ಬಣ್ಣದ ವೇಷದ ಮುಖವರ್ಣಿಕೆಯ ಮೇಲೆ ಏಳುತ್ತಿದ್ದ ಕಾಳುಕಾಳು ಹೋಗಿ, ಮುಖಕ್ಕೆ ಇಡುವ ಬಿಳಿ ಚುಟ್ಟಿಯ ಅಂಚು ಸ್ಪಷ್ಟವಾಗುತ್ತದೆ. ಹೊಸ ಕ್ಯಾಮೆರಾಗಳು ದಾಖಲಿಸುವ ಮೂಲ (ರಾ) ಕಡತಗಳನ್ನು ಹಳೆಯ ಆವೃತ್ತಿ ತೆರೆಯದೆಂಬುದೂ ನಿಜ, ಅವನ್ನು ಹಳೆಯದಕ್ಕೆ ಹೊಂದುವ ರೂಪಕ್ಕೆ ಬದಲಿಸುವ ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್ ಅದಕ್ಕೆ ಅಡ್ಡದಾರಿಯಷ್ಟೇ. ಡಾರ್ಕ್‌ಟೇಬಲ್ ಎಂಬ ಬೇರೊಂದು ಉಚಿತ ತಂತ್ರಾಂಶ ಸಮರ್ಥವಾಗಿದೆ. ಆದರೆ ಲೈಟ್‌ರೂಮ್‌ನಲ್ಲಿ ತಿದ್ದಿದ್ದೆಲ್ಲವೂ ಅಲ್ಲಿಗೆ ಹಾಗೆಯೇ ಬರುವುದಿಲ್ಲ. ಕ್ರ್ಯಾಕ್ ಮಾಡಿದ ಪ್ರತಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಫೋಟೋ ಕದ್ದು ಫ್ಲೆಕ್ಸ್‌ಗೆ ಹಾಕಿದವರನ್ನು ದೂರುವ ನಾವು ಅದನ್ನು ಸಮರ್ಥಿಸಲಾಗದು.

ಕೆಲವು ವರ್ಷ ಚಂದಾ ಕಟ್ಟಿದವರಿಗೆ, ಆವರೆಗೆ ಲೈಟ್‌ರೂಮ್‌ನ ಕ್ಯಾಟಲಾಗ್‌ಗೆ ಸೇರಿಸಿರುವ ಫೋಟೋಗಳ ಮಟ್ಟಿಗಾದರೂ ಡೆವಲಪ್ ವಿಭಾಗವನ್ನು ತೆರೆದಿಡಬೇಕು. ವರ್ಷದಲ್ಲಿ ಎರಡು ಮೂರು ತಿಂಗಳು ದಂಡವಿಲ್ಲದೆ ಚಂದಾ ತಡೆಹಿಡಿಯಲು ಅವಕಾಶ ಕೊಟ್ಟರೆ, ಉಳಿದ ತಿಂಗಳುಗಳ ಹಣವನ್ನು ನಾವು ಗೊಣಗದೆ ಕಟ್ಟುತ್ತೇವೆ.