ರಸ್ತೆ ದಾಟಿದರೆ ರೇಟು ಬೇರೆ

ಬೆಲ್ಜಿಯಂ ಗಡಿಯಲ್ಲಿ ಮಾರ್ಟೆಲಾಂಜ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿನ ಹೆದ್ದಾರಿಯ ಒಂದು ಬದಿ ಬೆಲ್ಜಿಯಂ, ಎದುರು ಬದಿ ಲಕ್ಸೆಂಬರ್ಗ್. ಬೆಲ್ಜಿಯಂ ಬದಿಯಲ್ಲಿ ಮನೆಗಳು. ಎದುರು ಬದಿಯಲ್ಲಿ ಪೆಟ್ರೋಲ್ ಬಂಕ್, ಅದರ ಪಕ್ಕ ಪೆಟ್ರೋಲ್ ಬಂಕ್, ಅದರಾಚೆ ಇನ್ನೊಂದು ಪೆಟ್ರೋಲ್ ಬಂಕ್. ನೋಡಿದವರು ಇಲ್ಲೇ ಎಲ್ಲೋ ಎಣ್ಣೆ ಬಾವಿ ಇರಬೇಕು ಅಂದುಕೊಳ್ಳಬೇಕು. ಬಾವಿ ಇಲ್ಲ. ಇರುವುದು ಕಡಿಮೆ ತೆರಿಗೆ, ಅಷ್ಟೇ.

ಗಡಿಯ ಹತ್ತಿರದವರು ಬಂದರೆ ಸರಿ. ಮೂವತ್ತು ಕಿಲೋಮೀಟರ್ ದೂರದಿಂದ ಬರುವ ಮಹಾನುಭಾವನ ಲೆಕ್ಕ ನೋಡಿ. ಲೀಟರಿಗೆ 10 ಸೆಂಟ್ ಉಳಿಯುತ್ತದೆ ಅಂತಿಟ್ಟುಕೊಳ್ಳಿ. 40 ಲೀಟರ್ ತುಂಬಿಸಿದರೆ 4 ಯೂರೋ ಲಾಭ. ಹೋಗಿ ಬರಲು 4 ಲೀಟರ್ ಖರ್ಚು. ಲೀಟರಿಗೆ ಒಂದೂವರೆ ಯೂರೋ ಅಂದರೂ 6 ಯೂರೋ ಹೊಗೆಯಾಯಿತು. ಕ್ಯೂನಲ್ಲಿ ಎಂಜಿನ್ ಆರಿಸದೆ ನಿಂತಿದ್ದು ಬೇರೆ. ಆದರೂ ಮನೆಗೆ ಬಂದು ಮೀಸೆ ತಿರುವುತ್ತಾನೆ. ಸರ್ಕಾರಕ್ಕೆ ಟೋಪಿ ಹಾಕಿದ ಖುಷಿಗೆ 2 ಯೂರೋ ಏನು ಜಾಸ್ತಿಯಲ್ಲ ಬಿಡಿ.

ಎಣ್ಣೆ ಇದ್ದ ಊರಲ್ಲಿ ಪೆಟ್ರೋಲ್ ಅಗ್ಗ ಇರಬೇಕು, ಅಲ್ವಾ? ನಾರ್ವೆಯವರನ್ನು ಕೇಳಿ. ಸಮುದ್ರದಡಿಯಿಂದ ಎಣ್ಣೆ ಎತ್ತಿ ಜಗತ್ತಿಗೆಲ್ಲ ಮಾರುತ್ತಾರೆ, ತಮ್ಮ ಕಾರಿಗೆ ಮಾತ್ರ ದುಬಾರಿ ಪೆಟ್ರೋಲ್ ಹಾಕಿಸಿಕೊಳ್ಳುತ್ತಾರೆ. ನೈಜೀರಿಯಾದ್ದು ಇನ್ನೊಂದು ಕತೆ. ದಶಕಗಳ ಕಾಲ ಕಚ್ಚಾ ಎಣ್ಣೆಯನ್ನು ಹಡಗಿಗೆ ತುಂಬಿ ಕಳಿಸಿ, ಅದನ್ನೇ ಪೆಟ್ರೋಲ್ ರೂಪದಲ್ಲಿ ಹಡಗಿನಿಂದ ಇಳಿಸಿಕೊಂಡಿತು. ಹಿತ್ತಲಲ್ಲಿ ಬತ್ತ ಬೆಳೆದು ಹೋಟೆಲಿನಿಂದ ಅನ್ನ ತರಿಸಿದ ಹಾಗೆ.

ಅಮೆರಿಕದಲ್ಲಿ ಗಡಿಯೂ ಬೇಡ, ರಾಜ್ಯ ಬದಲಾದರೆ ಸಾಕು. ನೆವಾಡಾಕ್ಕೆ ಪೆಟ್ರೋಲ್ ಬಹುಪಾಲು ಬರುವುದೇ ಪಕ್ಕದ ಕ್ಯಾಲಿಫೋರ್ನಿಯಾದಿಂದ. ಪೈಪಿನಲ್ಲಿ ಬೆಟ್ಟ, ಮರುಭೂಮಿ ಎಲ್ಲ ದಾಟಿಕೊಂಡು. ಇಷ್ಟು ಪ್ರಯಾಣ ಮಾಡಿದ ಮೇಲೆ ರೇಟು ಏರಬೇಕಲ್ಲ? ಇಳಿಯುತ್ತದೆ! ತವರಲ್ಲಿ ದುಬಾರಿ, ಗಂಡನ ಮನೆಯಲ್ಲಿ ಅಗ್ಗ. ಕ್ಯಾಲಿಫೋರ್ನಿಯಾ ತನಗೆ ಅಂತಲೇ ಬೇರೆ ಮಿಶ್ರಣದ ಪೆಟ್ರೋಲ್ ಮಾಡಿಸಿಕೊಳ್ಳುತ್ತದೆ, ಅದರ ಮೇಲೆ ತೆರಿಗೆಯೂ ಜಾಸ್ತಿ. ಇಡೀ ದೇಶ ಒಂದಾಗುವುದು ಒಂದೇ ವಿಷಯದಲ್ಲಿ: ಬಂಕಿನ ಬೋರ್ಡಿನಲ್ಲಿ ಬೆಲೆಯ ಬಾಲಕ್ಕೆ ಒಂದು ಸೆಂಟಿನ ಹತ್ತರಲ್ಲಿ ಒಂಬತ್ತು ಭಾಗ ಅಂಟಿಸುವುದು. ಆ ಹತ್ತನೇ ಒಂದು ಭಾಗಕ್ಕೆ ನಾಣ್ಯವೇ ಇಲ್ಲ. ಚಿಲ್ಲರೆ ಕೇಳುವ ಹಾಗೂ ಇಲ್ಲ.

ಆದರೆ ಈ ಆಟದಲ್ಲಿ ವೆನೆಜುವೆಲಾವನ್ನು ಮೀರಿಸಿದವರಿಲ್ಲ. ಸುಮಾರು 20 ವರ್ಷ ಅಲ್ಲಿನ ಸರ್ಕಾರ ಪೆಟ್ರೋಲ್ ಬೆಲೆ ಮುಟ್ಟಲೇ ಇಲ್ಲ, 2016ರಲ್ಲಿ ಏರಿಸುವ ತನಕ. ಒಂದು ಬಾಟಲಿ ಕುಡಿಯುವ ನೀರಿನ ದುಡ್ಡಿಗೆ ಟ್ಯಾಂಕ್ ಫುಲ್. ಪಕ್ಕದ ಕೊಲಂಬಿಯಾದವರು ಸುಮ್ನೆ ಇರ್ತಾರಾ? ಪೆಟ್ರೋಲ್ ಕ್ಯಾನುಗಳಲ್ಲಿ ಗಡಿ ದಾಟಿತು. ಕೂಕುತಾ ಊರಿನ ರಸ್ತೆ ಬದಿಯಲ್ಲಿ ಕ್ಯಾನ್ ಇಟ್ಟುಕೊಂಡು, ಆಲಿಕೆ ಹಿಡಿದು, ಬಂದ ಗಾಡಿಗೆಲ್ಲ ಸುರಿದು ಕೊಟ್ಟರು. ಮುಂದೆ ವೆನೆಜುವೆಲಾದ ಸಂಸ್ಕರಣಾ ಘಟಕಗಳು ಕೆಟ್ಟು ಕೂತವು. ಬಂಕಿನಲ್ಲಿ ದಿನಗಟ್ಟಲೆ ಕ್ಯೂ ನಿಂತರೂ ಪೆಟ್ರೋಲ್ ಸಿಗದ ಕಾಲ ಬಂತು. ಕಳ್ಳಸಾಗಣೆಯವರು ಒಂದು ದಿನವೂ ಕೆಲಸ ಬಿಡಲಿಲ್ಲ. ಅದೇ ದಾರಿ, ಅದೇ ಕ್ಯಾನು. ಈಗ ತುಂಬಿದ ಕ್ಯಾನು ಕೊಲಂಬಿಯಾದಿಂದ ಹೊರಟಿತು, ಖಾಲಿ ಕ್ಯಾನು ವೆನೆಜುವೆಲಾದಿಂದ ವಾಪಸ್ ಬಂತು.