ಶಿವಾ ಅನ್ನೋಕೂ ಕಣ್ಣು ಬೇಕು ಕಣ್ರೀ

ಕ್ಯಾತ್ಸಂದ್ರದಲ್ಲಿ ಗೃಹಪ್ರವೇಶದ ಊಟ ಮುಗಿಸಿ ಈಗಷ್ಟೇ ಬಂದೆ. ಊಟ ಚೆನ್ನಾಗಿತ್ತು. ತಲೆ ಮಾತ್ರ ಇನ್ನೂ ಕಾದಿದೆ.

ನಮ್ಮ ದೊಡ್ಡಮ್ಮ ಗೊತ್ತಲ್ಲ, 80 ದಾಟಿದವರು. ಕಣ್ಣಿಗೆ ಪೊರೆ ಬಂದಿದೆ. ಯಾಕೋ ಮಬ್ಬು ಜಾಸ್ತಿ ಆಗ್ತಿದೆ ಅಂತ ಮಗನ ಮುಂದೆ ಹೇಳಿದರು. ಮಗರಾಯ ಎಲೆ ಅಡಿಕೆ ಹಾಕಿಕೊಳ್ಳುತ್ತಾ, “ಈ ವಯಸ್ಸಲ್ಲಿ ಇನ್ನೇನು ನೋಡ್ಬೇಕಮ್ಮ? ಸುಮ್ನೆ ಶಿವಾ ಶಿವಾ ಅಂತ ಕೂತ್ಕೋ” ಅಂದ. ಸುತ್ತ ಕೂತಿದ್ದವರೆಲ್ಲ ಏನೋ ದೊಡ್ಡ ತತ್ವ ಕೇಳಿದ ಹಾಗೆ ತಲೆ ಆಡಿಸಿದರು.

ಏನು ನೋಡಬೇಕು ಅಂತ ನಾನೇ ಕೇಳಿದೆ. “ಅಂಗೈಲಿರೋ ಲಿಂಗ ಕಾಣ್ತಿಲ್ಲ ಕಣೋ” ಅಂದರು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಇಷ್ಟಲಿಂಗ ಪೂಜೆ ಅಂದರೆ ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಅದನ್ನೇ ನೋಡುತ್ತಾ ಕೂರೋದು. ಅಲ್ಲಿ ನೋಟವೇ ಪೂಜೆ. ಶಿವಾ ಅಂತ ಕೂತ್ಕೋ ಅನ್ನೋ ಪುಣ್ಯಾತ್ಮನಿಗೆ ಇದೂ ಗೊತ್ತಿಲ್ಲ!

ಆ ಪೂಜೆ ಅವರಿಗೆ ಎಷ್ಟು ನೆಮ್ಮದಿ ಕೊಡುತ್ತೆ ಅಂತ ನಾನು ಕಂಡಿದ್ದೇನೆ. ರಾತ್ರಿಯೆಲ್ಲ ಮಂಡಿ ನೋವಿಗೆ ನರಳಿರುತ್ತಾರೆ. ಬೆಳಿಗ್ಗೆ ಪೂಜೆಯಿಂದ ಎದ್ದ ಮೇಲೆ ಮುಖವೇ ಬೇರೆ. ನೋವು ಹೋಗಿರಲ್ಲ, ಅದರ ಮೇಲಿನ ಸಿಟ್ಟು ಹೋಗಿರುತ್ತೆ. ನಿಜ ಹೇಳ್ಬೇಕಂದ್ರೆ ನನಗೆ ಹೊಟ್ಟೆಕಿಚ್ಚು. ಮದುವೆಯಲ್ಲಿ ಕಟ್ಟಿದ ಲಿಂಗ ನನ್ನದು ಇವತ್ತಿಗೂ ದೇವರ ಗೂಡಿನಲ್ಲಿದೆ. ನನಗೆ ವಯಸ್ಸಾದಾಗ ಕೂರೋಕೆ ಅಂಥ ಜಾಗ ಯಾವುದಿದೆಯೋ.

ಅವರ ನಂಬಿಕೆ ಅವರದು. ನಾವು ಅದನ್ನು ಬಾಯಿ ಮುಚ್ಚಿಸೋಕೆ ಬಳಸ್ತೀವಲ್ಲ, ಅದಕ್ಕೇ ಉರಿಯೋದು. ಹಲ್ಲು ನೋವೇ? ಶಿವಾ ಅನ್ನಿ. ಕಿವಿ ಕೇಳಲ್ವಾ? ಶಿವಾ ಅನ್ನಿ. ಖರ್ಚಿಲ್ಲದ ಔಷಧಿ!

ನಮ್ಮ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಿಗಿಂತ ಪೂಜೆ ಮಾಡಿದವರು ಯಾರಿದ್ದಾರೆ? 2018ರ ಡಿಸೆಂಬರ್‌ನಲ್ಲಿ, 111ನೇ ವಯಸ್ಸಿನಲ್ಲಿ, ಅವರನ್ನು ಚೆನ್ನೈಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಲಿಲ್ವಾ? ಆಗ ಇಡೀ ತುಮಕೂರು ಉಸಿರು ಬಿಗಿಹಿಡಿದು ಕಾದಿತ್ತು. ಈ ವಯಸ್ಸಲ್ಲಿ ಯಾಕೆ ಅಂತ ಕೇಳೋ ಧೈರ್ಯ ಈ ಮಗರಾಯನಿಗೂ ಇರಲಿಲ್ಲ.

ನೋಡ್ಕೊಳ್ಳೋರ ಕಷ್ಟ ನಿನಗೇನು ಗೊತ್ತು ಅಂತ ಕೆಲವರು ಬರ್ತೀರಿ. ಗೊತ್ತು ಕಣ್ರೀ. ಸೊಸೆಗೆ ಇದೆ ಆ ಕಷ್ಟ, ಒಪ್ತೀನಿ. ಆದರೆ ಇಲ್ಲಿ ಮಾತಾಡಿದ್ದು ಒಂದು ಲೋಟ ನೀರೂ ತಂದುಕೊಡದ ಮಗ. ಪೊರೆ ತೆಗೆಯೋದು ಈಗ ಅರ್ಧ ಗಂಟೆ ಕೆಲಸ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡೂ ಬೇಡ.

ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ ಅಂದೆ. ಅವತ್ತು ಪೂಜೆ ಜಾಸ್ತಿ, ಆಗಲ್ಲ ಅಂದರು. ಮಂಗಳವಾರ ಒಳ್ಳೇದಲ್ವಂತೆ. ಕೊನೆಗೆ ಬುಧವಾರಕ್ಕೆ ಒಪ್ಪಿದ್ದಾರೆ, ಅದೂ ಪೂಜೆ ಮುಗಿದ ಮೇಲೆ. ಆಟೋದಲ್ಲಿ ಇನ್ನೊಬ್ಬರಿಗೆ ಜಾಗ ಇದೆ. ಈ ಪೋಸ್ಟ್ ಓದ್ತಿದ್ರೆ ಮಗರಾಯನೂ ಬರಬಹುದು.