ಮೂಗಿನ ನೇರಕ್ಕೊಂದು ಶಾಸ್ತ್ರ

ಬ್ರಹ್ಮ ಹಣೆಯ ಮೇಲೆ ಗೀಚಿದ್ದನ್ನು ಓದಲಾಗದೆ ಮನುಷ್ಯರು ಪರದಾಡುವುದನ್ನು ಕಂಡು ಕರುಣೆಯುಕ್ಕಿದ ಹಿರಿಯರು, ಬರಹದ ಗೊಡವೆಯೇ ಬೇಡವೆಂದು ಹಣೆಯ ಅಗಲವನ್ನಷ್ಟೇ ಅಳೆದು ಫಲ ಹೇಳುವ ಸಾಮುದ್ರಿಕ ಶಾಸ್ತ್ರವನ್ನು ನಮಗೆ ಬಿಟ್ಟುಹೋಗಿದ್ದಾರೆ. ವಿಶಾಲವಾದ ಹಣೆ ಭಾಗ್ಯದ ಲಕ್ಷಣವಂತೆ. ಕೂದಲು ಉದುರಿದಷ್ಟೂ ಹಣೆ ಹಿಂದಕ್ಕೆ ಹಬ್ಬುವುದರಿಂದ, 40 ದಾಟಿದ ಗಂಡಸರಲ್ಲಿ ಅನೇಕರು ಈ ಹೊತ್ತಿಗೆ ಕುಬೇರರಾಗಿರಬೇಕಿತ್ತು. ಅವರೋ ಒಲಿದು ಬಂದ ಭಾಗ್ಯವನ್ನು ಮುಚ್ಚಿಹಾಕಲು ಸಾಲ ಮಾಡಿ ತಲೆಯ ಮೇಲೆ ಕೂದಲಿನ ನಾಟಿ ಮಾಡಿಸಿಕೊಳ್ಳುತ್ತಿದ್ದಾರೆ.

ಈ ವಿದ್ಯೆ ನಮ್ಮೊಬ್ಬರದೇ ಎಂದು ಬೀಗುವಂತಿಲ್ಲ. ಜ್ಯೋತಿಷಿ ವರಾಹಮಿಹಿರ ಆರನೆಯ ಶತಮಾನದಲ್ಲೇ ಬೃಹತ್ಸಂಹಿತೆಯಲ್ಲಿ ಪುರುಷಲಕ್ಷಣಗಳನ್ನು ವಿವರಿಸಿದ್ದನಾದರೂ, ಗ್ರೀಕರು ಮತ್ತು ಚೀನೀಯರು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಝೋಪಿರಸ್ ಎಂಬ ಮುಖಪಂಡಿತ ಸಾಕ್ರಟೀಸನನ್ನು ನೋಡಿ, ಈತ ಮಂದಬುದ್ಧಿಯವನು, ಸ್ತ್ರೀಲೋಲ ಎಂದು ತೀರ್ಪಿತ್ತನಂತೆ. ಸುತ್ತಲಿದ್ದವರು ನಕ್ಕರೂ ಸಾಕ್ರಟೀಸ್ ಮಾತ್ರ, ಆ ದೋಷಗಳು ತನಗೆ ಹುಟ್ಟಿನಿಂದ ಬಂದವೇ, ವಿವೇಕದಿಂದ ಅವನ್ನು ಗೆದ್ದೆ ಎಂದು ಹೇಳಿ ಪಂಡಿತನ ಮಾನ ಉಳಿಸಿದನೆಂದು ರೋಮಿನ ಲೇಖಕ ಸಿಸೆರೊ ಬರೆದಿದ್ದಾನೆ. ಆ ಒಂದು ಉತ್ತರದ ಮೇಲೆಯೇ ಇಡೀ ಕಸುಬು ಇಂದಿಗೂ ನಡೆದುಕೊಂಡು ಬಂದಿದೆ: ಹೇಳಿದ್ದು ಸರಿಹೋದರೆ ಶಾಸ್ತ್ರದ ಮಹಿಮೆ, ತಪ್ಪಿದರೆ ತಮ್ಮ ಪುರುಷಪ್ರಯತ್ನದ ಮಹಿಮೆ. ದಕ್ಷಿಣೆ ಎರಡಕ್ಕೂ ಒಂದೇ.

1831ರಲ್ಲಿ ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್, ಸ್ವಿಟ್ಜರ್ಲೆಂಡಿನ ಪಾದ್ರಿ ಲಾವಾಟರನ ಮುಖಶಾಸ್ತ್ರವನ್ನು ಮನಸಾರೆ ನಂಬಿದ್ದವನು, ಇಂಥ ಮೂಗಿನವನಿಗೆ ದೂರಪ್ರಯಾಣಕ್ಕೆ ಬೇಕಾದ ಹುರುಪು ಮತ್ತು ಛಲ ಎಲ್ಲಿಂದ ಬರಬೇಕೆಂದು ಶಂಕಿಸಿ 22ರ ತರುಣನೊಬ್ಬನನ್ನು ದಡದಲ್ಲೇ ಬಿಟ್ಟುಹೋಗುವುದರಲ್ಲಿದ್ದ. ಆ ಮೂಗು ಚಾರ್ಲ್ಸ್ ಡಾರ್ವಿನ್ನನದು. ತನ್ನ ಮೂಗು ಸುಳ್ಳು ಹೇಳಿತ್ತೆಂಬುದು ಆಮೇಲೆ ಕಪ್ತಾನನಿಗೆ ಮನವರಿಕೆಯಾಗಿರಬೇಕೆಂದು ಆತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. (ಮೂಗು ಏನನ್ನೂ ಹೇಳಿರಲಿಲ್ಲ, ಪಾಪ; ಅದು ತನ್ನ ಪಾಡಿಗೆ ಉಸಿರಾಡುತ್ತಿತ್ತು.)

ನಿಜವಾದ ಪರಿಣತರು ಇಷ್ಟು ಮುಗ್ಧರಲ್ಲ. ಅವರ ದೃಷ್ಟಿ ಮೊದಲು ಹೋಗುವುದು ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಮೇಲೆ, ಆಮೇಲೆ ಮಣಿಕಟ್ಟಿನ ಗಡಿಯಾರದ ಮೇಲೆ, ಕಟ್ಟಕಡೆಗೆ ಮುಖದ ಮೇಲೆ. ಹೊಳೆಯುವ ಗಡಿಯಾರದವರ ಡೊಂಕು ಮೂಗು ಗರುಡನಾಸಿಕವೆನಿಸಿ ನಾಯಕತ್ವವನ್ನು ಸೂಚಿಸಿದರೆ, ಸವೆದ ಚಪ್ಪಲಿಯವರ ಅದೇ ಮೂಗು ಜಗಳಗಂಟತನಕ್ಕೆ ಸಾಕ್ಷಿಯಾಗುತ್ತದೆ. ಮುಖ ನೋಡಿ ಮಣೆ ಹಾಕುವವರನ್ನು ನಾವೆಲ್ಲ ಕಂಡಿದ್ದೇವೆ. ಇವರು ಕೂತ ಮಣೆಯನ್ನು ನೋಡಿ ಮುಖ ಓದುವವರು.

ಈಗ ಈ ಕೆಲಸ ಮೊಬೈಲಿಗೂ ಬಂದಿದೆ. ತುಟಿಯ ಮೇಲಿನ ನನ್ನ ಮಚ್ಚೆಯಲ್ಲಿ ಧನಯೋಗವಿದೆ ಎಂದು ಹಿಂದೊಬ್ಬರು ಹೇಳಿದ್ದರಿಂದ, ಆ್ಯಪ್ ಏನೆನ್ನುತ್ತದೋ ನೋಡೋಣವೆಂದು ಫೋಟೊ ತೆಗೆದು ಕೊಟ್ಟೆ. ಮುಖವನ್ನು ನುಣುಪಾಗಿಸುವ ಉಪಕಾರಬುದ್ಧಿಯ ಕ್ಯಾಮೆರಾ ಮೊಡವೆಯ ಕಲೆಗಳ ಜೊತೆಗೆ ಮಚ್ಚೆಯನ್ನೂ ಒರೆಸಿಹಾಕಿತ್ತು. ಸಹಜವಾಗಿಯೇ ಫಲದಲ್ಲಿ ಹಣದ ಸುಳಿವೇ ಇರಲಿಲ್ಲ. ಕಾಡಿಗೆ ತಂದು ಅದೇ ಜಾಗದಲ್ಲಿ ದಪ್ಪನೆಯ ಚುಕ್ಕಿಯಿಟ್ಟು ಮತ್ತೊಮ್ಮೆ ಫೋಟೊ ತೆಗೆದೆ. ಧನಯೋಗ ಮರಳಿ ಬಂತು, ಮೊದಲಿಗಿಂತ ಬಲವಾಗಿಯೇ. ಅಂದು ರಾತ್ರಿ ಮುಖ ತೊಳೆಯಲು ಕೈ ಬರಲಿಲ್ಲ.